ಯುನಿಕ್ಸ್ ಮತ್ತು ಅದನ್ನು ಕಟ್ಟಿದ ಪ್ರೋಗ್ರಾಮರ್‌ಗಳು

ಯುನಿಕ್ಸ್ ಎಂಬುದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮರ್ರೆ ಹಿಲ್‌ನಲ್ಲಿರುವ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಹುಟ್ಟಿದ ಆಪರೇಟಿಂಗ್ ಸಿಸ್ಟಂ. ಒಂದೇ ಕಂಪ್ಯೂಟರಿನ ಮೇಲೆ ಹಲವರು ಹಲವು ಕೆಲಸಗಳನ್ನು ಏಕಕಾಲಕ್ಕೆ ನಡೆಸಲು ಇದು ಅನುವು ಮಾಡಿಕೊಡುತ್ತದೆ. ಇದರ ಮೂಲ ಕರ್ತೃಗಳು ಕೆನ್ ಥಾಂಪ್ಸನ್ (ಜನನ 1943) ಮತ್ತು ಡೆನ್ನಿಸ್ ರಿಚಿ (1941-2011). ಡಗ್ಲಸ್ ಮೆಕಿಲ್‌ರಾಯ್, ಬ್ರಯನ್ ಕರ್ನಿಹನ್, ಜೋ ಒಸಾನಾ, ಲೊರಿಂಡಾ ಚೆರಿ ಮೊದಲಾದವರು ಇದನ್ನು ಬೆಳೆಸಿದವರಲ್ಲಿ ಮುಖ್ಯರು.

ಈ ಹೆಸರು ಇಂದು ಮೂರು ಅರ್ಥಗಳಲ್ಲಿ ಬಳಕೆಯಲ್ಲಿದೆ. ಬೆಲ್ ಲ್ಯಾಬ್ಸ್‌ನಲ್ಲಿ ಬರೆದ ಮೂಲ ತಂತ್ರಾಂಶ ಮತ್ತು ಅದರ ನೇರ ಸಂತತಿ ಎಂಬುದು ಮೊದಲನೆಯ ಅರ್ಥ. ಗೊತ್ತುಪಡಿಸಿದ ಮಾನಕಗಳಿಗೆ ಒಪ್ಪುವ ಯಾವುದೇ ಸಿಸ್ಟಂಗೆ ಓಪನ್ ಗ್ರೂಪ್ ಸಂಸ್ಥೆ ನೀಡುವ ವ್ಯಾಪಾರಮುದ್ರೆ ಎರಡನೆಯದು. ಮೂಲದ ಒಂದು ಸಾಲನ್ನೂ ಬಳಸದೆ ಅದೇ ಮಾದರಿಯಲ್ಲಿ ಕಟ್ಟಿದ ಲಿನಕ್ಸ್‌ನಂಥವನ್ನು ‘ಯುನಿಕ್ಸ್ ಮಾದರಿ’ ಎನ್ನುವುದು ಮೂರನೆಯದು. ಈ ಲೇಖನದಲ್ಲಿ ‘ಯುನಿಕ್ಸ್’ ಎಂದಷ್ಟೇ ಹೇಳಿದಲ್ಲಿ ಮೊದಲನೆಯ ಅರ್ಥವನ್ನು ಗ್ರಹಿಸಬೇಕು.

ಹಿನ್ನೆಲೆ

1950ರ ದಶಕದ ಕಂಪ್ಯೂಟರ್‌ಗಳ ಬಳಿ ಪ್ರೋಗ್ರಾಮರ್ ಕೂರುತ್ತಿದ್ದುದೇ ಅಪರೂಪ. ತೂತು ಹಾಕಿದ ಕಾರ್ಡುಗಳ ಕಟ್ಟನ್ನು ಯಂತ್ರದ ಕೋಣೆಗೆ ಒಪ್ಪಿಸಿ, ಫಲಿತಾಂಶ ಅಚ್ಚಾಗಿ ಬರುವವರೆಗೆ ಕಾಯಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಸರದಿ. ಈ ಕಾಯುವಿಕೆಯನ್ನು ತಪ್ಪಿಸಲು ಬಂದದ್ದು ಕಾಲಹಂಚಿಕೆ ಎಂಬ ಉಪಾಯ. ಯಂತ್ರ ತನ್ನ ಸಮಯವನ್ನು ಸಣ್ಣ ಚೂರುಗಳಾಗಿ ಸೀಳಿ, ಸರದಿಯಂತೆ ಪ್ರತಿಯೊಬ್ಬ ಬಳಕೆದಾರನಿಗೂ ಒಂದೊಂದು ಚೂರು ಕೊಡುತ್ತದೆ. ಸರದಿ ಬಹುಬೇಗ ತಿರುಗುವುದರಿಂದ ಪ್ರತಿಯೊಬ್ಬನಿಗೂ ಯಂತ್ರ ತನ್ನೊಬ್ಬನದೇ ಎನಿಸುತ್ತದೆ.

ಈ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ಸಾಧಿಸಲು ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ 1960ರ ದಶಕದ ನಡುಭಾಗದಲ್ಲಿ ಮಲ್ಟಿಕ್ಸ್ ಎಂಬ ಯೋಜನೆಗೆ ಕೈಹಾಕಿದವು. ಯೋಜನೆ ಬೆಳೆಯುತ್ತ ಹೋಯಿತು, ಮುಗಿಯುವ ಲಕ್ಷಣ ಕಾಣಲಿಲ್ಲ. 1969ರಲ್ಲಿ ಬೆಲ್ ಲ್ಯಾಬ್ಸ್ ಹಿಂದೆ ಸರಿಯಿತು. ಮಲ್ಟಿಕ್ಸ್‌ಗಾಗಿ ದುಡಿಯುತ್ತಿದ್ದ ಥಾಂಪ್ಸನ್, ರಿಚಿ, ಮೆಕಿಲ್‌ರಾಯ್, ಒಸಾನಾ ಅವರಿಗೆ ಕೆಲಸ ಉಳಿಯಿತು, ಕೆಲಸ ಮಾಡಲು ಒಗ್ಗುವ ಸಿಸ್ಟಂ ಮಾತ್ರ ಕೈತಪ್ಪಿತು. ಮಲ್ಟಿಕ್ಸ್ ಮುಂದೆ ಪೂರ್ಣಗೊಂಡು ಹಲವು ವರ್ಷ ಬಳಕೆಯಲ್ಲಿತ್ತು. ಅದನ್ನು ಬರೀ ಸೋಲೆಂದು ಬರೆಯುವ ರೂಢಿ ಸರಿಯಲ್ಲ. ಯುನಿಕ್ಸ್‌ನ ಕಡತಗಳನ್ನು ಮರದ ಕೊಂಬೆಗಳಂತೆ ಜೋಡಿಸುವ ಕ್ರಮ, ಆಜ್ಞೆ ಓದುವ ಪ್ರೋಗ್ರಾಮಿಗೆ ಶೆಲ್ ಎಂಬ ಹೆಸರು ಎರಡೂ ಅಲ್ಲಿಂದ ಬಂದವು.

ಹುಟ್ಟು

ಥಾಂಪ್ಸನ್‌ಗೆ ಸಿಕ್ಕಿದ್ದು ಮೂಲೆಯಲ್ಲಿದ್ದ ಒಂದು ಪಿಡಿಪಿ-7. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಈ ಯಂತ್ರ ಆ ಹೊತ್ತಿಗಾಗಲೇ ಹಳತಾಗಿತ್ತು. ಅದರ ಮೆಮೊರಿ 18 ಬಿಟ್‌ಗಳ 8,192 ಪದಗಳಷ್ಟು, ಅಂದರೆ ಈಗಿನ ಲೆಕ್ಕದಲ್ಲಿ ಸುಮಾರು 18 ಕಿಲೋಬೈಟ್. ಈ ಲೇಖನದ ಕನ್ನಡ ಪಠ್ಯವೇ ಅದರಲ್ಲಿ ಪೂರ್ತಿ ಹಿಡಿಸದು. ತಾನು ಬರೆದ ‘ಸ್ಪೇಸ್ ಟ್ರಾವೆಲ್’ ಎಂಬ ಆಟವನ್ನು ಥಾಂಪ್ಸನ್ ಈ ಯಂತ್ರಕ್ಕೆ ತಂದ. ಅದರಿಂದ ಯಂತ್ರದ ಒಳಹೊರಗು ತಿಳಿಯಿತು. 1969ರ ಬೇಸಿಗೆಯಲ್ಲಿ ಕೆಲವೇ ವಾರಗಳಲ್ಲಿ ಸಿಸ್ಟಂನ ತಿರುಳಾದ ಕರ್ನೆಲ್, ಶೆಲ್, ಎಡಿಟರ್, ಅಸೆಂಬ್ಲರ್ ಇಷ್ಟನ್ನೂ ಬರೆದು ಮುಗಿಸಿದ. ಕಡತ ವ್ಯವಸ್ಥೆಯ ವಿನ್ಯಾಸವನ್ನು ಅದಕ್ಕೂ ಮುಂಚೆ ರಿಚಿ ಮತ್ತು ರಡ್ ಕ್ಯಾನಡೇ ಜೊತೆ ಚರ್ಚಿಸಿ ಕಾಗದದ ಮೇಲೆ ಸಿದ್ಧಪಡಿಸಿದ್ದ. ಮಲ್ಟಿಕ್ಸ್‌ನ ‘ಬಹು’ವಿಗೆ ಎದುರಾಗಿ ‘ಏಕ’ ಎಂಬ ಶ್ಲೇಷೆಯಿಂದ ಬಂದ ಯುನಿಕ್ಸ್ ಎಂಬ ಹೆಸರನ್ನು ಕರ್ನಿಹನ್ ಸೂಚಿಸಿದ.

ಹೊಸ ಯಂತ್ರ ಕೊಳ್ಳಲು ಆಡಳಿತ ಹಣ ಕೊಡಲೊಪ್ಪಲಿಲ್ಲ. ಹಾಗಾಗಿ ಆಪರೇಟಿಂಗ್ ಸಿಸ್ಟಂ ಎಂಬ ಮಾತನ್ನು ಬದಿಗಿಟ್ಟು, ದಸ್ತಾವೇಜು ಸಿದ್ಧಪಡಿಸುವ ಸಾಧನ ಕಟ್ಟುತ್ತೇವೆ ಎಂದು ಈ ತಂಡ ಕೋರಿಕೆ ಸಲ್ಲಿಸಿತು. 1970ರಲ್ಲಿ ಪಿಡಿಪಿ-11 ಬಂತು. ಕೊಟ್ಟ ಮಾತೂ ಸುಳ್ಳಾಗಲಿಲ್ಲ: 1971ರಲ್ಲಿ ಬೆಲ್ ಲ್ಯಾಬ್ಸ್‌ನ ಪೇಟೆಂಟ್ ವಿಭಾಗದ ಬೆರಳಚ್ಚುಗಾರರು ಯುನಿಕ್ಸ್‌ನ ಮೊದಲ ಹೊರಗಿನ ಬಳಕೆದಾರರಾದರು. ಸಿಸ್ಟಂನ ಮೊದಲ ಕೈಪಿಡಿಯ ಮೇಲಿರುವ ತಾರೀಖು 1971ರ ನವೆಂಬರ್ 3.

ರಚನೆ

ಯುನಿಕ್ಸ್‌ನ ಒಡಲಿನಲ್ಲಿ ಮೂರು ಪದರಗಳಿವೆ. ಎಲ್ಲಕ್ಕಿಂತ ಒಳಗಿರುವುದು ಕರ್ನೆಲ್. ಮೆಮೊರಿ, ಡಿಸ್ಕ್, ಪ್ರೊಸೆಸರ್ ಸಮಯ ಇವನ್ನು ಹಂಚುವುದು ಅದರ ಕೆಲಸ. ಬಳಕೆದಾರ ಕೊಟ್ಟ ಆಜ್ಞೆಯನ್ನು ಓದಿ ಸಂಬಂಧಪಟ್ಟ ಪ್ರೋಗ್ರಾಂ ಓಡಿಸುವುದು ಶೆಲ್. ಇದು ಕರ್ನೆಲ್‌ನ ಭಾಗವಲ್ಲ, ಬೇರೆಲ್ಲ ಪ್ರೋಗ್ರಾಂಗಳಂತೆ ಒಂದು ಪ್ರೋಗ್ರಾಂ ಅಷ್ಟೆ, ಬೇಡವಾದರೆ ಬದಲಿಸಿಕೊಳ್ಳಬಹುದು. ಹೊರಪದರದಲ್ಲಿ ಸಣ್ಣಸಣ್ಣ ಉಪಕರಣಗಳಿವೆ.

ಕಡತದ ಕಲ್ಪನೆ ಈ ವಿನ್ಯಾಸದ ಜೀವಾಳ. ಅಂದಿನ ಬೇರೆ ಸಿಸ್ಟಂಗಳಲ್ಲಿ ಕಡತಕ್ಕೆ ದಾಖಲೆಯ ಉದ್ದ, ಮಾದರಿ, ಡಿಸ್ಕ್‌ನ ಮೇಲಿನ ಜಾಗ ಹೀಗೆ ಹಲವು ವಿವರಗಳನ್ನು ಮೊದಲೇ ಘೋಷಿಸಬೇಕಿತ್ತು. ಯುನಿಕ್ಸ್‌ನಲ್ಲಿ ಕಡತವೆಂದರೆ ಬೈಟ್‌ಗಳ ಒಂದು ಸಾಲು, ಮತ್ತೇನೂ ಇಲ್ಲ. ಒಳಗಿರುವುದು ಪತ್ರವೋ ಪ್ರೋಗ್ರಾಮೋ ಎಂಬುದು ಕರ್ನೆಲ್‌ಗೆ ಬೇಕಿಲ್ಲ. ಕೀಲಿಮಣೆ, ಮುದ್ರಣಯಂತ್ರ, ಡಿಸ್ಕ್ ಇವೂ ಕಡತಗಳಂತೆಯೇ ಹೆಸರು ಪಡೆದು ಅದೇ ಮರದಲ್ಲಿ ಕೂರುತ್ತವೆ. ಕಡತಕ್ಕೆ ಬರೆಯಬಲ್ಲ ಪ್ರೋಗ್ರಾಂ ಒಂದಕ್ಷರವೂ ಬದಲಾಗದೆ ಮುದ್ರಣಯಂತ್ರಕ್ಕೂ ಬರೆಯಬಲ್ಲದು. ಕಡತಕೋಶವೂ ಒಂದು ಕಡತವೇ. ಅದರಲ್ಲಿರುವುದು ಹೆಸರುಗಳು ಮತ್ತು ಪ್ರತಿ ಹೆಸರಿನೆದುರು ಒಂದು ಸಂಖ್ಯೆ. ಕಡತದ ಒಡೆಯ ಯಾರು, ಓದಲು ಬರೆಯಲು ಯಾರಿಗೆ ಅನುಮತಿ, ಡಿಸ್ಕ್‌ನಲ್ಲಿ ಅದರ ತುಣುಕುಗಳು ಎಲ್ಲಿವೆ ಎಂಬುದೆಲ್ಲ ಆ ಸಂಖ್ಯೆ ತೋರುವ ಐನೋಡ್ ಎಂಬ ಕೋಷ್ಟಕದಲ್ಲಿರುತ್ತದೆ. ಹೀಗಾಗಿ ಒಂದೇ ಕಡತಕ್ಕೆ ಎರಡು ಹೆಸರಿದ್ದರೂ ಅಡ್ಡಿಯಿಲ್ಲ.

ಹೊಸ ಪ್ರೋಗ್ರಾಂ ಓಡಿಸುವ ಕ್ರಮ ಮೊದಲ ನೋಟಕ್ಕೆ ವಿಚಿತ್ರ ಎನಿಸುತ್ತದೆ. ‘ಫೋರ್ಕ್’ ಎಂಬ ಕರೆಯಿಂದ ಓಡುತ್ತಿರುವ ಪ್ರಕ್ರಿಯೆ ತನ್ನದೇ ಪಡಿಯಚ್ಚನ್ನು ಸೃಷ್ಟಿಸುತ್ತದೆ; ಆಮೇಲೆ ‘ಎಕ್ಸೆಕ್’ ಕರೆಯಿಂದ ಆ ಪಡಿಯಚ್ಚು ತನ್ನ ಒಡಲನ್ನು ಬಿಟ್ಟು ಹೊಸ ಪ್ರೋಗ್ರಾಮಿನ ಒಡಲನ್ನು ಹೊಗುತ್ತದೆ. ಫೋರ್ಕ್ ಥಾಂಪ್ಸನ್‌ನ ಸ್ವಂತ ಕಲ್ಪನೆಯಲ್ಲ, ಬರ್ಕ್ಲಿಯ ಕಾಲಹಂಚಿಕೆ ಸಿಸ್ಟಂನಿಂದ ಬಂದದ್ದು.

ಆಜ್ಞೆಗಳ ಹೆಸರು ಎರಡು ಮೂರು ಅಕ್ಷರಕ್ಕೆ ನಿಂತಿರುವುದಕ್ಕೆ ಅಂದಿನ ಟೆಲಿಟೈಪ್ ಯಂತ್ರ ಒಂದು ಕಾರಣ. ಸೆಕೆಂಡಿಗೆ 10 ಅಕ್ಷರ ಅಚ್ಚಿಸುವ, ಗಟ್ಟಿಯಾಗಿ ಒತ್ತಬೇಕಾದ ಅದರ ಕೀಲಿಗಳ ಮೇಲೆ ಉದ್ದದ ಹೆಸರು ಕೈಗೆ ಭಾರ. ಪಟ್ಟಿ ತೋರಿಸುವ ‘ಎಲ್‌ಎಸ್’, ನಕಲು ಮಾಡುವ ‘ಸಿಪಿ’, ಅಳಿಸುವ ‘ಆರ್‌ಎಂ’ ಇಂದಿಗೂ ಹಾಗೆಯೇ ಉಳಿದಿವೆ.

ಪೈಪ್

ಒಂದು ಪ್ರೋಗ್ರಾಮಿನ ಫಲಿತಾಂಶವನ್ನು ನೇರವಾಗಿ ಇನ್ನೊಂದರ ಬಾಯಿಗೆ ಕೊಡುವ ಜೋಡಣೆಗೆ ಪೈಪ್ ಎಂದು ಹೆಸರು. ತೋಟಕ್ಕೆ ನೀರು ಹಾಯಿಸುವ ಕೊಳವೆಗಳಂತೆ ಪ್ರೋಗ್ರಾಂಗಳನ್ನು ತಿರುಪಿ ಜೋಡಿಸುವಂತಿರಬೇಕು ಎಂದು ಮೆಕಿಲ್‌ರಾಯ್ 1964ರಲ್ಲೇ ಟಿಪ್ಪಣಿ ಬರೆದಿದ್ದ. ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 1973ರಲ್ಲಿ, ಥಾಂಪ್ಸನ್ ಅದನ್ನು ಒಂದೇ ರಾತ್ರಿಯಲ್ಲಿ ಯುನಿಕ್ಸ್‌ಗೆ ಸೇರಿಸಿದ. ಮೆಕಿಲ್‌ರಾಯ್ ಆ ವಿಭಾಗದ ಮುಖ್ಯಸ್ಥನಾಗಿದ್ದರೂ ಅಪ್ಪಣೆ ಮಾಡಿ ಮಾಡಿಸಲಿಲ್ಲ ಎಂಬುದು ಆ ಸಂಸ್ಥೆಯ ಒಳರೀತಿಯನ್ನು ತಿಳಿಸುತ್ತದೆ.

ಪೈಪ್‌ನ ಬಲ ತಿಳಿಯಲು 1986ರ ಒಂದು ಪ್ರಸಂಗ ಸಾಕು. ಒಂದು ಪಠ್ಯದಲ್ಲಿ ಅತಿ ಹೆಚ್ಚು ಸಲ ಬರುವ ಪದಗಳನ್ನು ಎಣಿಸಿ ಇಳಿಕೆಯ ಕ್ರಮದಲ್ಲಿ ಕೊಡಬೇಕು ಎಂಬ ಸಮಸ್ಯೆಯನ್ನು ಜಾನ್ ಬೆಂಟ್ಲಿ ತನ್ನ ಪ್ರೋಗ್ರಾಮಿಂಗ್ ಅಂಕಣದಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್‌ಗೆ ಒಡ್ಡಿದ. ಕ್ನೂತ್ ಹಲವು ಪುಟಗಳ ಸೊಗಸಾದ ಪ್ರೋಗ್ರಾಂ ಬರೆದ. ಅದನ್ನು ವಿಮರ್ಶಿಸಿದ ಮೆಕಿಲ್‌ರಾಯ್ ಆರು ಆಜ್ಞೆಗಳ ಒಂದು ಪೈಪ್‌ಸಾಲನ್ನು ಮುಂದಿಟ್ಟ. ಮೊದಲ ಆಜ್ಞೆ ಅಕ್ಷರವಲ್ಲದ್ದನ್ನೆಲ್ಲ ತೆಗೆದು ಸಾಲಿಗೊಂದು ಪದ ಮಾಡುತ್ತದೆ. ಎರಡನೆಯದು ದೊಡ್ಡಕ್ಷರಗಳನ್ನು ಸಣ್ಣಕ್ಷರ ಮಾಡುತ್ತದೆ. ‘ಸಾರ್ಟ್’ ಅಕಾರಾದಿಯಾಗಿ ಜೋಡಿಸುತ್ತದೆ; ಆಗ ಒಂದೇ ಪದದ ಪ್ರತಿಗಳು ಒಟ್ಟಿಗೆ ಬಂದು ಕೂರುತ್ತವೆ. ‘ಯುನಿಕ್’ ಎಂಬ ಆಜ್ಞೆ ಅವನ್ನು ಒಂದಾಗಿಸಿ ಎಷ್ಟು ಸಲ ಬಂತೆಂಬ ಲೆಕ್ಕ ಹಚ್ಚುತ್ತದೆ. ಮತ್ತೊಂದು ‘ಸಾರ್ಟ್’ ಆ ಲೆಕ್ಕದಂತೆ ಇಳಿಕೆಯಲ್ಲಿ ಜೋಡಿಸುತ್ತದೆ. ಕೊನೆಯ ‘ಸೆಡ್’ ಬೇಕಾದಷ್ಟು ಸಾಲು ತೋರಿಸಿ ನಿಲ್ಲಿಸುತ್ತದೆ. ಈ ಆರರಲ್ಲಿ ಯಾವುದನ್ನೂ ಪದ ಎಣಿಸಲೆಂದು ಬರೆದಿರಲಿಲ್ಲ. ಕ್ನೂತ್‌ಗೆ ಒಪ್ಪಿಸಿದ ಕೆಲಸವೇ ಬೇರೆ, ಸಾಹಿತ್ಯಿಕ ಪ್ರೋಗ್ರಾಮಿಂಗ್ ಎಂಬ ತನ್ನ ಪದ್ಧತಿಯನ್ನು ತೋರಿಸಿಕೊಡುವುದು, ಎಂಬುದನ್ನೂ ಇಲ್ಲಿ ಗಮನಿಸಬೇಕು. ಈ ಹೋಲಿಕೆಯಲ್ಲಿ ಅವನಿಗೆ ಸ್ವಲ್ಪ ಅನ್ಯಾಯವಾಗಿದೆ.

ಸಿ ಭಾಷೆ

ಮೊದಲ ಯುನಿಕ್ಸ್ ಅಸೆಂಬ್ಲಿಯಲ್ಲಿತ್ತು, ಅಂದರೆ ಆಯಾ ಯಂತ್ರಕ್ಕಷ್ಟೇ ಅರ್ಥವಾಗುವ ಸೂಚನೆಗಳಲ್ಲಿ. ಕೇಂಬ್ರಿಜ್‌ನ ಮಾರ್ಟಿನ್ ರಿಚರ್ಡ್ಸ್ ರೂಪಿಸಿದ್ದ ಬಿಸಿಪಿಎಲ್ ಭಾಷೆಯನ್ನು ಥಾಂಪ್ಸನ್ ಪಿಡಿಪಿ-7ರ ಪುಟ್ಟ ಮೆಮೊರಿಗೆ ಹಿಡಿಸುವಂತೆ ಇಳಿಸಿ ‘ಬಿ’ ಎಂಬ ಭಾಷೆ ಮಾಡಿದ. ‘ಬಿ’ಗೆ ದತ್ತಾಂಶದ ಬಗೆಗಳೇ ಇರಲಿಲ್ಲ, ಎಲ್ಲವೂ ಯಂತ್ರದ ಒಂದು ಪದ. ಪ್ರತಿ ಬೈಟ್‌ಗೂ ಪ್ರತ್ಯೇಕ ವಿಳಾಸವಿದ್ದ ಪಿಡಿಪಿ-11ರ ಮೇಲೆ ಇದು ತೊಡಕಾಯಿತು. ರಿಚಿ ಅಕ್ಷರ, ಪೂರ್ಣಾಂಕ ಎಂಬ ಬಗೆಗಳನ್ನು ಸೇರಿಸಿ, ಭಾಷೆಯನ್ನು ಯಂತ್ರದ ಸೂಚನೆಗಳಾಗಿ ತಿರುಗಿಸುವ ಕಂಪೈಲರನ್ನು ಹೊಸದಾಗಿ ಬರೆದ. 1971ರಿಂದ 1973ರವರೆಗೆ ನಡೆದ ಈ ಕೆಲಸದ ಫಲವೇ ಸಿ.

1972ರಲ್ಲಿ ಕರ್ನೆಲನ್ನು ಸಿಯಲ್ಲಿ ಬರೆಯಲು ಹೊರಟ ಥಾಂಪ್ಸನ್ ಕೈಚೆಲ್ಲಿದ. ಸಂಬಂಧಪಟ್ಟ ಹಲವು ಅಂಶಗಳನ್ನು ಒಂದೇ ಗಂಟಾಗಿ ಕಟ್ಟುವ ‘ಸ್ಟ್ರಕ್ಟ್’ ಆಗಿನ್ನೂ ಭಾಷೆಯಲ್ಲಿರಲಿಲ್ಲ. ರಿಚಿ ಅದನ್ನು ಸೇರಿಸಿದ ಮೇಲೆ, 1973ರ ಬೇಸಿಗೆಯಲ್ಲಿ, ಇಬ್ಬರೂ ಕರ್ನೆಲನ್ನು ಸಿಯಲ್ಲಿ ಬರೆದು ಮುಗಿಸಿದರು. ಆಪರೇಟಿಂಗ್ ಸಿಸ್ಟಂ ಅಂದರೆ ಅಸೆಂಬ್ಲಿಯಲ್ಲೇ ಬರೆಯಬೇಕು ಎಂಬ ಆ ಕಾಲದ ನಂಬಿಕೆ ಇಲ್ಲಿಂದ ಸಡಿಲವಾಯಿತು. 1970ರ ದಶಕದ ಕೊನೆಯಲ್ಲಿ ರಿಚಿ ಮತ್ತು ಸಹೋದ್ಯೋಗಿ ಸ್ಟೀವ್ ಜಾನ್ಸನ್ ಯುನಿಕ್ಸನ್ನು ಬೇರೆ ಕಂಪನಿಯ ಇಂಟರ್‌ಡೇಟಾ 8/32 ಯಂತ್ರಕ್ಕೆ ಒಯ್ದು ಓಡಿಸಿದರು. ಯಂತ್ರ ಬದಲಾದರೂ ಸಿಸ್ಟಂ ಉಳಿಯಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಕರ್ನಿಹನ್ ಮತ್ತು ರಿಚಿ ಬರೆದ ‘ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ 1978ರಲ್ಲಿ ಪ್ರಕಟವಾಯಿತು. ಬಹುಕಾಲ ಈ ಭಾಷೆಗೆ ಅದೇ ಪ್ರಮಾಣಗ್ರಂಥ.

ಸಿಯ ದೋಷವೂ ಅದರ ಹುಟ್ಟಿನಲ್ಲೇ ಇದೆ. ಮೆಮೊರಿಯ ಎಲ್ಲೆ ಮೀರಿ ಬರೆದರೂ ಭಾಷೆ ತಡೆಯುವುದಿಲ್ಲ. 1988ರ ನವೆಂಬರಿನಲ್ಲಿ ಇಂಟರ್‌ನೆಟ್‌ನ ಸಾವಿರಾರು ಯುನಿಕ್ಸ್ ಯಂತ್ರಗಳನ್ನು ಸ್ತಬ್ಧಗೊಳಿಸಿದ ಮಾರಿಸ್ ವರ್ಮ್ ಎಂಬ ತಾನೇ ಹರಡುವ ಪ್ರೋಗ್ರಾಂ ಬಳಸಿಕೊಂಡ ದಾರಿಗಳಲ್ಲಿ ಇದೂ ಒಂದು. ಇಂದಿಗೂ ಭದ್ರತಾ ಲೋಪಗಳ ದೊಡ್ಡ ಪಾಲು ಇದೇ ಜಾತಿಯದು.

ಉಪಕರಣಗಳು

ಸಾಲುಗಳಲ್ಲಿ ಪದವಿನ್ಯಾಸ ಹುಡುಕುವ ‘ಗ್ರೆಪ್’ ಥಾಂಪ್ಸನ್‌ನದು. ಅಚ್ಚುಜೋಡಣೆಯ ‘ಟ್ರಾಫ್’ ಒಸಾನಾನದು. ಅದಕ್ಕೆ ಗಣಿತ ಸಮೀಕರಣ ಜೋಡಿಸುವ ‘ಈಕ್ವೆನ್’ ಲೊರಿಂಡಾ ಚೆರಿ ಮತ್ತು ಕರ್ನಿಹನ್ ಅವರದು. ಪ್ರೋಗ್ರಾಮಿನ ಬದಲಾದ ಭಾಗಗಳನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುವ ‘ಮೇಕ್’ ಬರೆದವನು ಸ್ಟುವರ್ಟ್ ಫೆಲ್ಡ್‌ಮನ್. ಪಠ್ಯವನ್ನು ಸಾಲುಸಾಲಾಗಿ ಸಂಸ್ಕರಿಸುವ ‘ಆಕ್’ನ ಹೆಸರು ಆಹೋ, ವೈನ್‌ಬರ್ಗರ್, ಕರ್ನಿಹನ್ ಎಂಬ ಮೂವರ ಹೆಸರುಗಳ ಮೊದಲಕ್ಷರ.

ಹರಡಿದ ಬಗೆ

ಬೆಲ್ ಲ್ಯಾಬ್ಸ್‌ನ ಒಡೆತನ ಆಗ ಎಟಿ ಅಂಡ್ ಟಿ ದೂರವಾಣಿ ಕಂಪನಿಯದಾಗಿತ್ತು. 1956ರ ನ್ಯಾಯಾಲಯದ ಒಪ್ಪಂದವೊಂದರ ಪ್ರಕಾರ ದೂರವಾಣಿಯ ಆಚೆಗಿನ ವ್ಯಾಪಾರಕ್ಕೆ ಅದು ಕೈಹಾಕುವಂತಿರಲಿಲ್ಲ. ಮಾರಲಾಗದ ಸರಕನ್ನು ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ, ಸೋರ್ಸ್ ಕೋಡ್ ಸಮೇತ, ಯಾವ ಭರವಸೆಯನ್ನೂ ಕೊಡದೆ ಹಂಚಲಾಯಿತು. 1974ರ ಜುಲೈನಲ್ಲಿ ಯುನಿಕ್ಸ್ ಕುರಿತ ಥಾಂಪ್ಸನ್ ಮತ್ತು ರಿಚಿಯ ಪ್ರಬಂಧ ಪ್ರಕಟವಾದ ಮೇಲೆ ಬೇಡಿಕೆ ಏರಿತು. ಕೆಟ್ಟರೆ ರಿಪೇರಿಗೆ ಯಾರೂ ಬರುವುದಿಲ್ಲವಾದ್ದರಿಂದ ಬಳಸುವವರೇ ಕೋಡ್ ಓದಿ, ತಿದ್ದಿ, ತಿದ್ದಿದ್ದನ್ನು ಪರಸ್ಪರ ಹಂಚಿಕೊಂಡರು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಆರನೆಯ ಆವೃತ್ತಿಯ ಕರ್ನೆಲ್‌ಗೆ ಸಾಲುಸಾಲಿಗೂ ಟೀಕೆ ಬರೆದು ಪಾಠ ಮಾಡಿದ. ಏಳನೆಯ ಆವೃತ್ತಿಯ (1979) ಪರವಾನಗಿ ಇಂಥ ಪಾಠವನ್ನು ನಿಷೇಧಿಸಿತು. ಆ ಪುಸ್ತಕ ನೆರಳಚ್ಚಿನ ನೆರಳಚ್ಚಾಗಿ ಕೈಯಿಂದ ಕೈಗೆ ಸಾಗಿ, ಅಧಿಕೃತವಾಗಿ ಅಚ್ಚಾದದ್ದು 1996ರಲ್ಲಿ.

ಕವಲುಗಳು

1975-76ರಲ್ಲಿ ಥಾಂಪ್ಸನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ಒಂದು ವರ್ಷ ಪಾಠ ಮಾಡಿದ. ಅಲ್ಲಿನ ವಿದ್ಯಾರ್ಥಿ ಬಿಲ್ ಜಾಯ್ ತನ್ನ ಸೇರ್ಪಡೆಗಳನ್ನು ಟೇಪಿನಲ್ಲಿ ಕಟ್ಟಿ 1978ರಿಂದ ಹಂಚತೊಡಗಿದ. ಇದು ಬಿಎಸ್‌ಡಿ ಕವಲು. ‘ವಿಐ’ ಎಡಿಟರ್ ಜಾಯ್‌ನದು. 1983ರ 4.2 ಬಿಎಸ್‌ಡಿ ಇಂಟರ್‌ನೆಟ್‌ನ ಟಿಸಿಪಿ/ಐಪಿ ನಿಯಮಾವಳಿಯನ್ನು ಒಳಗೊಂಡು ಬಂತು. ವಿಶ್ವವಿದ್ಯಾಲಯಗಳು ಇಂಟರ್‌ನೆಟ್‌ಗೆ ಸೇರಿಕೊಂಡದ್ದು ಹೆಚ್ಚಾಗಿ ಈ ದಾರಿಯಿಂದ. 1984ರಲ್ಲಿ ಎಟಿ ಅಂಡ್ ಟಿ ವಿಭಜನೆಯಾದ ಮೇಲೆ ಹಳೆಯ ನಿರ್ಬಂಧ ಹೋಗಿ, ಸಿಸ್ಟಂ-5 ಎಂಬ ವ್ಯಾಪಾರಿ ಕವಲು ಬಲಗೊಂಡಿತು. ಸನ್, ಐಬಿಎಂ, ಎಚ್‌ಪಿ ಒಂದೊಂದೂ ತನ್ನದೇ ಯುನಿಕ್ಸ್ ಮಾರಿದವು. ಒಂದರಲ್ಲಿ ಓಡಿದ್ದು ಇನ್ನೊಂದರಲ್ಲಿ ಓಡದೆ ಬಂದಾಗ ಪೊಸಿಕ್ಸ್ ಎಂಬ ಮಾನಕ (1988) ಸಿದ್ಧವಾಯಿತು.

ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆ ಸಾರಿದ. ಬಳಸಲು, ಓದಲು, ತಿದ್ದಲು, ಹಂಚಲು ಎಲ್ಲರಿಗೂ ಹಕ್ಕಿರುವ ಯುನಿಕ್ಸ್ ಮಾದರಿ ಸಿಸ್ಟಂ ಅದರ ಗುರಿ. ಜಿಸಿಸಿ ಕಂಪೈಲರ್ (1987) ಮತ್ತು ಜಿಪಿಎಲ್ ಪರವಾನಗಿ (1989) ಅದರ ಎರಡು ದೊಡ್ಡ ಫಲಗಳು. ಕರ್ನೆಲ್ ಮಾತ್ರ ಕೈಗೂಡಲಿಲ್ಲ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದ ಸುಮಾರು 10,000 ಸಾಲುಗಳ ಲಿನಕ್ಸ್ ಕರ್ನೆಲ್ ಆ ಖಾಲಿ ಜಾಗಕ್ಕೆ ಬಂದು ಕೂತಿತು. ಪಾಠಕ್ಕೆಂದು ಆಂಡ್ರ್ಯೂ ತನೆನ್‌ಬಾಮ್ ಬರೆದಿದ್ದ ಮಿನಿಕ್ಸ್ (1987) ಟೋರ್ವಾಲ್ಡ್ಸ್ ಕಲಿತ ಮನೆ. 1992ರಲ್ಲಿ ಲಿನಕ್ಸ್ ಜಿಪಿಎಲ್ ಅಡಿಗೆ ಬಂತು. ಸಾವಿರಾರು ಜನರ ತಿದ್ದುಪಡಿಗಳನ್ನು ಹೊಂದಿಸಲು ಟೋರ್ವಾಲ್ಡ್ಸ್ 2005ರಲ್ಲಿ ಬರೆದ ‘ಗಿಟ್’ ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳ ದಿನಬಳಕೆಯ ಉಪಕರಣ.

ಭದ್ರತೆ

ಗುಪ್ತಪದವನ್ನು ಇದ್ದಂತೆ ಇಡದೆ, ಹಿಂದಕ್ಕೆ ಬಿಡಿಸಲಾಗದ ರೂಪಕ್ಕೆ ತಿರುಗಿಸಿ ಇಡುವ ಕ್ರಮವನ್ನು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಥಾಂಪ್ಸನ್ 1979ರ ಪ್ರಬಂಧದಲ್ಲಿ ವಿವರಿಸಿದರು. ಹಳೆಯ ಬಿಎಸ್‌ಡಿ ಕಡತಗಳಲ್ಲಿ ಉಳಿದಿದ್ದ ಥಾಂಪ್ಸನ್‌ನ ಗುಪ್ತಪದ 2019ರಲ್ಲಿ ಬಯಲಾಯಿತು. ಅದು ಚದುರಂಗದ ಆರಂಭದ ನಡೆಯೊಂದನ್ನು ಬರೆಯುವ ಎಂಟು ಚಿಹ್ನೆಗಳ ಸಂಕೇತ. ಚದುರಂಗ ಆಡುವ ‘ಬೆಲ್’ ಯಂತ್ರವನ್ನು ಜೋ ಕಾಂಡನ್ ಜೊತೆ ಕಟ್ಟಿ 1980ರಲ್ಲಿ ಕಂಪ್ಯೂಟರ್ ಚದುರಂಗದ ವಿಶ್ವ ಪ್ರಶಸ್ತಿ ಗೆದ್ದವನೂ ಅವನೇ.

ಥಾಂಪ್ಸನ್ ಮತ್ತು ರಿಚಿಗೆ 1983ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಆ ಸಂದರ್ಭದ ಉಪನ್ಯಾಸದಲ್ಲಿ ಥಾಂಪ್ಸನ್ ಒಂದು ಕೇಡಿನ ಕಂಪೈಲರನ್ನು ವಿವರಿಸಿದ. ಲಾಗಿನ್ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ ಅದು ಕಳ್ಳಬಾಗಿಲೊಂದನ್ನು ಸೇರಿಸುತ್ತದೆ. ಕಂಪೈಲರನ್ನೇ ಕಂಪೈಲ್ ಮಾಡುವಾಗ ಈ ಕೇಡಿನ ಗುಣವನ್ನು ಹೊಸ ಪ್ರತಿಗೂ ದಾಟಿಸುತ್ತದೆ. ಆಮೇಲೆ ಸೋರ್ಸ್ ಕೋಡ್‌ನಿಂದ ಎಲ್ಲ ಕುರುಹು ಅಳಿಸಿದರೂ ಕಳ್ಳಬಾಗಿಲು ಉಳಿಯುತ್ತದೆ. ಕೋಡ್ ಓದಿದ ಮಾತ್ರಕ್ಕೆ ನಂಬುವಂತಿಲ್ಲ ಎಂಬ ಈ ವಾದ ಭದ್ರತಾಶಾಸ್ತ್ರದಲ್ಲಿ ಇಂದಿಗೂ ಚರ್ಚೆಯ ವಸ್ತು.

ಯುಟಿಎಫ್-8 ಮತ್ತು ಕನ್ನಡ

ಲೋಕದ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವುದು ಯುನಿಕೋಡ್. ಆ ಸಂಖ್ಯೆಯನ್ನು ಬೈಟ್‌ಗಳಾಗಿ ಬರೆಯುವ ಕ್ರಮ ಯುಟಿಎಫ್-8. ಇದನ್ನು 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟದ ತಟ್ಟೆಯಡಿಯ ಕಾಗದದ ಮೇಲೆ ಥಾಂಪ್ಸನ್ ರೂಪಿಸಿದ. ಸಹೋದ್ಯೋಗಿ ರಾಬ್ ಪೈಕ್ ಜೊತೆಗಿದ್ದ. ‘ಕ’ ಅಕ್ಷರದ ಯುನಿಕೋಡ್ ಸಂಖ್ಯೆ 3221. ಯುಟಿಎಫ್-8ರಲ್ಲಿ ಅದು 224, 178, 149 ಎಂಬ ಮೂರು ಬೈಟ್‌ಗಳಾಗುತ್ತದೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ಯಲ್ಲಿ ಮೂರು ವ್ಯಂಜನ, ಎರಡು ಹಲಂತ ಚಿಹ್ನೆ, ಒಂದು ಸ್ವರಚಿಹ್ನೆ ಸೇರಿ ಆರು ಸಂಖ್ಯೆಗಳಿವೆ, ಅದು ಹಿಡಿಯುವ ಜಾಗ 18 ಬೈಟ್. ಅವನ್ನು ಒತ್ತಕ್ಷರವಾಗಿ ಕೂಡಿಸಿ ತೋರಿಸುವುದು ಫಾಂಟ್‌ನ ಕೆಲಸ.

ಈ ಕ್ರಮದ ಜಾಣತನ ಇರುವುದು ಇನ್ನೊಂದೆಡೆ. ಹಳೆಯ ಇಂಗ್ಲಿಷ್ ಪಠ್ಯ ಇದ್ದಂತೆಯೇ ಉಳಿಯುತ್ತದೆ. ಕನ್ನಡದಂಥ ಲಿಪಿಗಳ ಪ್ರತಿ ಬೈಟೂ 128 ಅಥವಾ ಅದಕ್ಕಿಂತ ದೊಡ್ಡದು. ಯುನಿಕ್ಸ್‌ನಲ್ಲಿ ಕಡತಕೋಶಗಳ ಹೆಸರನ್ನು ಬೇರ್ಪಡಿಸುವ ಓರೆಗೆರೆಯ ಸಂಖ್ಯೆ 47. ಅದು ಕನ್ನಡ ಅಕ್ಷರದೊಳಗೆ ತಪ್ಪಿಯೂ ಬಾರದು. ಹೀಗಾಗಿ ಕನ್ನಡದ ಗಂಧವಿಲ್ಲದ ಕರ್ನೆಲ್ ಕೂಡ ಕನ್ನಡ ಹೆಸರಿನ ಕಡತವನ್ನು ತಕರಾರಿಲ್ಲದೆ ಹಿಡಿದಿಡಬಲ್ಲದು. ಯುನಿಕೋಡ್ ಬಳಕೆಗೂ ಮುಂಚಿನ ಕನ್ನಡ ತಂತ್ರಾಂಶಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಫಾಂಟ್ ಬದಲಾದರೆ ಪಠ್ಯ ಓದಲು ಬಾರದ ಕಲಸುಮೇಲೋಗರ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಲಿನಕ್ಸ್ ಸರ್ವರ್‌ಗಳ ಮೇಲೆ, ಯುಟಿಎಫ್-8ರಲ್ಲಿ ನಡೆಯುತ್ತದೆ.

ಈಗಿನ ಸ್ಥಿತಿ

ಬೆಲ್ ಲ್ಯಾಬ್ಸ್‌ನ ಮೂಲ ಯುನಿಕ್ಸ್ ಇಂದು ಇತಿಹಾಸದ ವಸ್ತು. ಅದರ ಸಂತತಿ ಮತ್ತು ಅನುಕರಣೆಗಳ ಬಳಕೆ ಮಾತ್ರ ಹಿಂದೆಂದಿಗಿಂತ ಹೆಚ್ಚು. ಮ್ಯಾಕ್ ಮತ್ತು ಐಫೋನ್‌ಗಳ ಅಡಿಯಲ್ಲಿ ಬಿಎಸ್‌ಡಿಯ ಅಂಶಗಳಿರುವ ಡಾರ್ವಿನ್ ಇದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಲಿನಕ್ಸ್ ಕರ್ನೆಲ್ ಇದೆ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಇರುವುದೆಲ್ಲ ಲಿನಕ್ಸ್ ಯಂತ್ರಗಳೇ. ರಿಚಿ 2011ರ ಅಕ್ಟೋಬರಿನಲ್ಲಿ ತೀರಿಕೊಂಡ. ಥಾಂಪ್ಸನ್ ಗೂಗಲ್ ಸೇರಿ, ರಾಬ್ ಪೈಕ್ ಮತ್ತು ರಾಬರ್ಟ್ ಗ್ರೀಸೆಮರ್ ಜೊತೆ ‘ಗೋ’ ಭಾಷೆಯನ್ನು (2009) ರೂಪಿಸಿದ.

ಆರಂಭದ ವರ್ಷಗಳ ವಿನ್ಯಾಸದ ಒಂದು ತೀರ್ಮಾನದ ಪರಿಣಾಮ ಇನ್ನೂ ಬಾಕಿಯಿದೆ. ಯುನಿಕ್ಸ್ ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತದೆ. ಹೊಸ ಸಿಸ್ಟಂಗಳು ಈ ಎಣಿಕೆಗೆ 64 ಬಿಟ್ ಕೊಟ್ಟಿವೆ. 32 ಬಿಟ್‌ನಲ್ಲೇ ಉಳಿದಿರುವ ಹಳೆಯ ಯಂತ್ರಗಳಲ್ಲಿ, ಭಾರತೀಯ ಕಾಲಮಾನದ ಪ್ರಕಾರ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಸಂಖ್ಯೆ ತುಂಬುತ್ತದೆ. ಮುಂದಿನ ಸೆಕೆಂಡಿಗೆ ಅವು 1901ರ ಡಿಸೆಂಬರ್ ತೋರಿಸುತ್ತವೆ.